ಮೂರು ತಿಂಗಳ ದುಡ್ಡು, ಹನ್ನೆರಡು ತಿಂಗಳ ಮನೆ: ತೋಟಿಗರಿಗೂ ಮೀನುಗಾರರಿಗೂ ಹಂತ ಹಂತದ ಮನೆಲೆಕ್ಕ

ಕಳೆದ ಬೇಸಿಗೆಯಲ್ಲಿ ಮನೆಯ ಜಮಾ-ಖರ್ಚು ಬರೆದಿಡುವ ಬಗ್ಗೆ ಬರೆದಿದ್ದೆ. ಓದಿ ಪುಸ್ತಕ ಕೊಂಡವರು ಬಹಳ, ಆಷಾಢ ದಾಟಿಸಿದವರು ಕಡಿಮೆ. ಫೋನ್ ಮಾಡಿದವರೆಲ್ಲ ಹೇಳಿದ್ದು ಹೆಚ್ಚುಕಡಿಮೆ ಒಂದೇ: ಮಾರ್ಚ್‌ನಲ್ಲಿ ಅಡಿಕೆ ಮಾರಿದ ಹಣ ಇತ್ತು, ಜುಲೈಯಲ್ಲಿ ಇರಲಿಲ್ಲ. ಎಲ್ಲಿ ಹೋಯಿತೆಂದು ಪುಸ್ತಕದಲ್ಲಿ ಅಚ್ಚುಕಟ್ಟಾಗಿ ಬರೆದೂ ಇದೆ.

ತಪ್ಪು ಅವರದಲ್ಲ, ನನ್ನ ಸಲಹೆಯದು. ನಾನು ಹೇಳಿಕೊಟ್ಟಿದ್ದು ತಿಂಗಳ ಸಂಬಳದವರ ಲೆಕ್ಕ. ನಮ್ಮ ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಿಗರ ಕೈಗೆ ಹಣ ಬರುವುದು ವರ್ಷಕ್ಕೆ ಎರಡು ಮೂರು ಸಲ. ಕಾರವಾರ, ಅಂಕೋಲಾ, ಹೊನ್ನಾವರದಲ್ಲಿ ಯಾಂತ್ರೀಕೃತ ದೋಣಿಗೆ ಹೋಗುವವರಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬರುವುದೇ ಇಲ್ಲ. ಇಂಥ ಮನೆಯಲ್ಲಿ ಹಾಲಿಗೆಷ್ಟು, ಸೊಪ್ಪಿಗೆಷ್ಟು ಎಂದು ದಿನವೂ ಬರೆದರೆ ಹಣ ನಿಲ್ಲುವುದಿಲ್ಲ. ಹಣ ಬಂದ ವಾರ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬುದರಲ್ಲಿ ಎಲ್ಲ ಇದೆ. ಇಪ್ಪತ್ತೆರಡು ವರ್ಷ ಒಂದು ಸೊಸೈಟಿಯ ಕೌಂಟರಿನ ಒಳಬದಿಯಲ್ಲಿ ಕೂತು ನೋಡಿದ್ದನ್ನು, ಈ ಸಲ ಆ ಕ್ರಮದಲ್ಲೇ ಬರೆಯುತ್ತಿದ್ದೇನೆ. ದಯವಿಟ್ಟು ಹಂತ ಹಾರಬೇಡಿ.

ಮೊದಲು ಬೇಕಾದ ಸಾಮಾನು

ಇನ್ನೂರು ಪುಟದ ಗೆರೆ ಹಾಕಿದ ನೋಟ್‌ಬುಕ್, ಒಂದು ಬಾಲ್‌ಪೆನ್. ಇಂಕ್ ಪೆನ್ ಬೇಡ, ಮಳೆಗಾಲದ ತೇವಕ್ಕೆ ಅಕ್ಷರ ಹರಡುತ್ತದೆ. ಮೊಬೈಲ್ ಆ್ಯಪ್‌ನಲ್ಲೇ ಬರೆಯುತ್ತೇನೆ ಎನ್ನುವವರು ಬರೆಯಲಿ, ಆದರೆ ಮೂರು ದಿನ ಕರೆಂಟಿಲ್ಲದ ಜುಲೈಯಲ್ಲಿ ಅವರ ಲೆಕ್ಕ ನಿಂತದ್ದನ್ನು ಕಂಡಿದ್ದೇನೆ. ಮನೆಯಲ್ಲಿರುವ ಎಲ್ಲ ಪಾಸ್‌ಬುಕ್‌ಗಳು ಬೇಕು, ಎಂಟ್ರಿ ಹಾಕಿಸಿದ್ದೇ ಆಗಬೇಕು. ಕಳೆದ ಮೂರು ವರ್ಷದ ಅಡಿಕೆ ಮಾರಾಟದ ಪಟ್ಟಿಗಳು, ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್, ಎರಡು ಉಳಿತಾಯ ಖಾತೆ. ಅಡುಗೆಮನೆ ನಡೆಸುವವರೂ ಜೊತೆಗೆ ಕೂತಿರಬೇಕು. ಅವರಿಲ್ಲದೆ ಯಜಮಾನರೊಬ್ಬರೇ ಮಾಡಿದ ಲೆಕ್ಕದಲ್ಲಿ ಅಕ್ಕಿ ಯಾವಾಗಲೂ ಅಗ್ಗ.

ಹಂತ 1: ಕಳೆದ ವರ್ಷವನ್ನು ಕೂಡಿಸಿ

ಎಲ್ಲರೂ ಎಡವುವ ಮೊದಲ ಕಲ್ಲು ಇದು. "ನಾಳೆಯಿಂದ ಬರೆಯುತ್ತೇನೆ" ಎಂದು ಹೊರಡುತ್ತಾರೆ. ನಾಳೆಯಿಂದ ಬರೆದರೆ ನಿಮ್ಮ ಮನೆಯ ವರ್ಷ ಎಂಥದ್ದೆಂದು ತಿಳಿಯಲು ಒಂದು ವರ್ಷ ಕಾಯಬೇಕು. ಪಾಸ್‌ಬುಕ್, ಶಾಲೆಯ ರಸೀದಿ, ಔಷಧಿ ಅಂಗಡಿಯ ಚೀಟಿ, ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಇಟ್ಟುಕೊಂಡು ಎರಡು ಸಂಜೆ ಕೂತರೆ ಕಳೆದ ವರ್ಷ ಮುಕ್ಕಾಲುಪಾಲು ಸಿಕ್ಕಿಬಿಡುತ್ತದೆ. ರಸೀದಿ ಇಲ್ಲದ್ದನ್ನು ಹಬ್ಬ, ಮದುವೆ, ಆಸ್ಪತ್ರೆ ಎಂದು ತಿಂಗಳ ಲೆಕ್ಕದಲ್ಲಿ ನೆನಪು ಮಾಡಿಕೊಂಡು ಅಂದಾಜು ಬರೆಯಿರಿ. ನೂರು ರೂಪಾಯಿ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ.

ಹಂತ 2: ಖರ್ಚನ್ನು ಮೂರು ಗುಂಪು ಮಾಡಿ

ಮೊದಲನೆಯದು ತೋಟದ ಖರ್ಚು: ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡನ ಮಜೂರಿ, ಅಡಿಕೆ ಸುಲಿಸುವುದು, ಗೊಬ್ಬರ, ಔಷಧಿಗೆ ಬೇಕಾದ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ. ಎರಡನೆಯದು ವರ್ಷಕ್ಕೊಮ್ಮೆ ಎರಗುವ ಖರ್ಚು: ಶಾಲೆ, ವಿಮೆ, ಬೈಕಿನ ರಿಪೇರಿ, ಶ್ರಾದ್ಧ, ಹಬ್ಬ, ಮಳೆಗಾಲದ ದಾಸ್ತಾನು. ಮೂರನೆಯದು ಪ್ರತಿ ತಿಂಗಳ ಮನೆಖರ್ಚು.

ಎರಡು ಎಕರೆ ತೋಟದ ನಾಲ್ಕು ಜನರ ಮನೆಯೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅಂಕಿಗಳು ಲೆಕ್ಕ ತೋರಿಸಲಿಕ್ಕಷ್ಟೇ, ನಿಮ್ಮದನ್ನು ಹಾಕಿಕೊಳ್ಳಿ. ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆ, 12 ಕ್ವಿಂಟಲ್, ದರ 35,000 ರೂಪಾಯಿ ಎಂದಾದರೆ 4,20,000. ತೋಟದ ಖರ್ಚು 1,40,000 ಕಳೆದರೆ 2,80,000 ಉಳಿಯಿತು. ಇನ್ನು ವರ್ಷಕ್ಕೊಮ್ಮೆಯ ಖರ್ಚು: ಶಾಲೆಗೆ 30,000, ವಿಮೆಗೆ 18,000, ವಾಹನಕ್ಕೆ 8,000, ಹಬ್ಬ-ಶ್ರಾದ್ಧಕ್ಕೆ 20,000, ಔಷಧಿಗೆ 15,000, ಮಳೆಗಾಲದ ದಾಸ್ತಾನಿಗೆ 17,000. ಒಟ್ಟು 1,08,000. ಅದನ್ನೂ ಕಳೆದರೆ 1,72,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 14,333 ಬರುತ್ತದೆ. ಅಷ್ಟನ್ನೂ ತೆಗೆದುಕೊಳ್ಳಬಾರದು. 13,000ಕ್ಕೆ ನಿಲ್ಲಿಸಿದರೆ 16,000 ರೂಪಾಯಿ ಆಪತ್ತಿಗೆ ಉಳಿಯುತ್ತದೆ. ಆ 13,000 ಮನೆಯ ಸಂಬಳ.

ಇಲ್ಲಿ ಆಗುವ ದೊಡ್ಡ ತಪ್ಪು ದರದ್ದು. ಪೇಟೆಯಲ್ಲಿ ಯಾರೋ ಹೇಳಿದ ಅತಿ ಹೆಚ್ಚಿನ ದರ ಹಿಡಿದು ಗುಣಿಸುತ್ತಾರೆ. ಆ ದರ ಮೇಲ್ಮಟ್ಟದ ಒಂದು ರಾಶಿಗೆ ಬಿದ್ದಿದ್ದು, ನಿಮ್ಮ ಚೀಲದಲ್ಲಿ ಕೋಕ, ಬಿಳಿಗೋಟಿನಂಥ ಕಡಿಮೆ ದರದ್ದೂ ಎಲ್ಲ ಇದೆ. ಮೂರು ವರ್ಷದ ಪಟ್ಟಿಗಳಲ್ಲಿ ನಿಮ್ಮ ಕೈಗೆ ನಿಜವಾಗಿ ಬಂದ ಅತಿ ಕಡಿಮೆ ಸರಾಸರಿ ದರ ಯಾವುದೋ ಅದನ್ನೇ ಹಿಡಿಯಿರಿ. ಕಾಳುಮೆಣಸಿನ ಹಣವನ್ನು ಈ ಲೆಕ್ಕಕ್ಕೆ ಸೇರಿಸಲೇಬೇಡಿ, ಬಂದಾಗ ಬಂತು. ಗೃಹಲಕ್ಷ್ಮಿಯ 2,000 ರೂಪಾಯಿಯನ್ನೂ ಸಂಬಳದೊಳಗೆ ಎಣಿಸಬೇಡಿ. ಕಂತು ತಡವಾಗುವುದುಂಟು, ತಡವಾದ ತಿಂಗಳು ಕಿರಾಣಿಯವರು ಕಾಯುವುದಿಲ್ಲ.

ಶಿರಸಿ ಸುತ್ತಲಿನವರಿಗೆ ಇನ್ನೊಂದು ಮಾತು. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. 2024ರಲ್ಲಿ ಆಗಿತ್ತು, ಆಮೇಲಿನದು 2026ರದು. ಅದು ಆಕಸ್ಮಿಕವಲ್ಲ, ಆದರೂ ಪ್ರತಿ ಸಲ ಆಕಸ್ಮಿಕದಂತೆಯೇ ಜೇಬಿಗೆ ಬೀಳುತ್ತದೆ. ನೆಂಟರು, ಬಳೆ, ಬಟ್ಟೆ, ಮಕ್ಕಳಿಗೆ ತಿರುಗುವ ತೊಟ್ಟಿಲಿನ ಆಟ ಎಲ್ಲ ಸೇರಿ ಆಗುವ ಖರ್ಚಿನ ಅರ್ಧವನ್ನು ಜಾತ್ರೆ ಇಲ್ಲದ ವರ್ಷವೇ ಎತ್ತಿಡಿ.

ಹಂತ 3: ಹಣ ಮನೆಗೆ ಬರುವ ಮೊದಲು ಸಾಲದ ಪಟ್ಟಿ

ಪುಸ್ತಕದ ಎಡಪುಟದಲ್ಲಿ ಎಲ್ಲ ಸಾಲ ಬರೆಯಿರಿ. ಕೈಗಡ, ಉದ್ರಿ, ಸಂಘದ ಕಂತು, ಭಾವಮೈದುನನಿಂದ ತಂದ ಐದು ಸಾವಿರ ಸಹ. ಪ್ರತಿಯೊಂದರ ಎದುರು ಬಡ್ಡಿ ಮತ್ತು ಗಡುವಿನ ತಾರೀಖು. ಆಮೇಲೆ ತೀರಿಸುವ ಕ್ರಮ ಹೀಗೆ.

ಮೊದಲು ಬೆಳೆ ಸಾಲ. ಸಹಕಾರ ಸಂಘದ ಮೂಲಕ ಸಿಗುವ ಬೆಳೆ ಸಾಲ ಬಡ್ಡಿಯಿಲ್ಲದ್ದು ಎನ್ನುತ್ತಾರೆ. ಗಡುವಿನೊಳಗೆ ಕಟ್ಟಿದರೆ ಮಾತ್ರ ಬಡ್ಡಿಯಿಲ್ಲದ್ದು. ಬ್ಯಾಂಕಿನ ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲವೂ ಹಾಗೆಯೇ. ಶೇ. 7ರ ಬಡ್ಡಿಯಲ್ಲಿ ಶೇ. 3ರ ರಿಯಾಯಿತಿ ಸಿಕ್ಕಿ 4 ಆಗುವುದು ಸಕಾಲಕ್ಕೆ ಕಟ್ಟಿದವರಿಗೆ, ಅದೂ 3 ಲಕ್ಷದವರೆಗಿನ ಸಾಲಕ್ಕೆ.

ಒಂದು ವರ್ಷ ಗಡುವು ಮುಗಿದ ಮರುದಿನ ಬೆಳಿಗ್ಗೆ, ಬಾಗಿಲು ತೆಗೆಯುವ ಮೊದಲೇ ಒಬ್ಬರು ಮೆಟ್ಟಿಲ ಮೇಲೆ ಕೂತಿದ್ದರು. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ, ಅದರೊಳಗೆ ರಬ್ಬರ್ ಹಾಕಿದ ನೋಟು. "ಭಾವ, ನಿನ್ನೆಯ ತಾರೀಖಿನಲ್ಲೇ ತೆಗೆದುಕೊಳ್ಳಿ" ಎಂದರು. ಕಂಪ್ಯೂಟರ್ ನಿನ್ನೆಯನ್ನು ಮುಚ್ಚಿಬಿಟ್ಟಿತ್ತು. ಅವರು ಅಡಿಕೆ ಮಾರಿದ್ದು ಜನವರಿಯಲ್ಲಿ. ಹಣವನ್ನು ಎರಡು ತಿಂಗಳ ಮಟ್ಟಿಗೆ ನೆಂಟರೊಬ್ಬರಿಗೆ ಕೈಗಡ ಕೊಟ್ಟಿದ್ದರು, ಅದು ವಾಪಸು ಬಂದದ್ದು ಹಿಂದಿನ ರಾತ್ರಿ. ಒಂದು ರಾತ್ರಿಯ ತಡಕ್ಕೆ ಇಡೀ ವರ್ಷದ ಬಡ್ಡಿ ಬಿತ್ತು. ಆದ್ದರಿಂದ ಕ್ಯಾಲೆಂಡರಿನಲ್ಲಿ ಗಡುವಿನ ದಿನಕ್ಕೆ ಗುರುತು ಹಾಕಬೇಡಿ, ಅದಕ್ಕಿಂತ ಹದಿನೈದು ದಿನ ಮೊದಲಿಗೆ ಹಾಕಿ.

ಎರಡನೆಯದು ಖಾಸಗಿ ಬಡ್ಡಿಯ ಸಾಲ. "ನೂರಕ್ಕೆ ಮೂರು" ಎಂದರೆ ಕೇಳಲಿಕ್ಕೆ ಸಣ್ಣದು. ಅದು ತಿಂಗಳಿಗೆ, ವರ್ಷಕ್ಕೆ ಶೇ. 36. ಇಪ್ಪತ್ತು ಸಾವಿರಕ್ಕೆ ತಿಂಗಳಿಗೆ 600, ವರ್ಷಕ್ಕೆ 7,200 ರೂಪಾಯಿ. ಹಾಲಿನಲ್ಲಿ, ಬಸ್ ಚಾರ್ಜಿನಲ್ಲಿ ಉಳಿಸುವ ಯಾವ ಉಪಾಯವೂ ನಿಮಗೆ ವರ್ಷಕ್ಕೆ 7,200 ಕೊಡುವುದಿಲ್ಲ.

ಮೂರನೆಯದು ಬಂಗಾರದ ಸಾಲ. ಇದರಲ್ಲಿ ಮೋಸ ಹೋಗುವುದು ನವೀಕರಣದಲ್ಲಿ. ಬಡ್ಡಿ ಮಾತ್ರ ಕಟ್ಟಿ, ಅಸಲಿಗೆ ಮತ್ತೆ ಸಹಿ ಹಾಕಿ, "ಬಿಡಿಸಿಕೊಂಡೆ" ಎಂಬ ಸಮಾಧಾನದಲ್ಲಿ ಮನೆಗೆ ಬರುತ್ತಾರೆ. ಅಸಲಿನಲ್ಲಿ ಕಾಲುಭಾಗವಾದರೂ ಇಳಿಸದೆ ನವೀಕರಿಸಬೇಡಿ. ಕೊನೆಗೆ ಉಳಿದ ಕೈಗಡ ಮತ್ತು ಅಂಗಡಿಯ ಉದ್ರಿ. ಅಂಗಡಿಯ ಉದ್ರಿಗೆ ಬಡ್ಡಿ ಇಲ್ಲ ಎನ್ನುವವರು ಒಮ್ಮೆ ನಗದು ಕೊಟ್ಟು ಬೇರೆ ಅಂಗಡಿಯಲ್ಲಿ ಅದೇ ಸಾಮಾನಿನ ದರ ಕೇಳಿ ನೋಡಲಿ. ಉದ್ರಿ ಇರುವವರಿಗೆ ಚೌಕಾಸಿ ಮಾಡುವ ಬಾಯಿ ಇರುವುದಿಲ್ಲ.

ಹಂತ 4: ಎರಡು ಖಾತೆ, ಒಂದು ಸಂಬಳ

ಅಡಿಕೆ ಹಣ ಬಂದು ಬೀಳುವ ಖಾತೆ ಒಂದು. ಅದಕ್ಕೆ ಎಟಿಎಂ ಕಾರ್ಡ್ ಬೇಡ, ಯುಪಿಐ ಜೋಡಣೆ ಬೇಡವೇ ಬೇಡ. ಇದನ್ನು ಕಣಜ ಎಂದು ಕರೆಯೋಣ. ಇನ್ನೊಂದು ಮನೆಖರ್ಚಿನ ಖಾತೆ. ಫೋನ್‌ನಲ್ಲಿ ಇರಬೇಕಾದದ್ದು ಇದು ಮಾತ್ರ. ಕಣಜದಿಂದ ಪ್ರತಿ ತಿಂಗಳು 1ನೇ ತಾರೀಖು 13,000 ರೂಪಾಯಿ ಮನೆಖಾತೆಗೆ ತಾನಾಗಿ ಹೋಗುವಂತೆ ಬ್ಯಾಂಕಿನಲ್ಲಿ ಬರೆದುಕೊಡಿ. ಅದಕ್ಕೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಎಂದು ಕೇಳಿದರೆ ಅರ್ಜಿ ಕೊಡುತ್ತಾರೆ. ಒಂದೇ ಬ್ಯಾಂಕಿನಲ್ಲಿ ಎರಡೂ ಖಾತೆ ಇದ್ದರೆ ಕೆಲಸ ಸುಲಭ.

ವರ್ಷಕ್ಕೊಮ್ಮೆಯ ಖರ್ಚಿನ ಹಣವನ್ನು ಕಣಜದಲ್ಲಿ ಸಡಿಲ ಬಿಡಬೇಡಿ, ಸಣ್ಣ ಸಣ್ಣ ಠೇವಣಿ ಮಾಡಿ. ಮೇ ಕೊನೆಗೆ ಶಾಲೆಯ ಹಣ, ಆಗಸ್ಟ್‌ಗೆ ಹಬ್ಬದ ಹಣ, ಅಕ್ಟೋಬರ್‌ಗೆ ಕೊಯ್ಲಿನ ಮುಂಗಡ, ಹೀಗೆ ಬೇಕಾದ ತಿಂಗಳಿಗೇ ಅವಧಿ ಮುಗಿಯುವಂತೆ. ಒಂದೂವರೆ ಲಕ್ಷದ ಒಂದೇ ಠೇವಣಿ ಇಟ್ಟು, ಹತ್ತು ಸಾವಿರಕ್ಕಾಗಿ ಅವಧಿಗೆ ಮೊದಲೇ ಮುರಿದು ಬಡ್ಡಿ ಕಳೆದುಕೊಂಡವರನ್ನು ಕೌಂಟರಿನಲ್ಲಿ ವಾರಕ್ಕೊಬ್ಬರಂತೆ ನೋಡಿದ್ದೇನೆ.

ಎಲ್ಲಿ ಇಡಬೇಕು? ಇದನ್ನು ನಮ್ಮ ಜಿಲ್ಲೆಯಲ್ಲಿ ಹೇಳುವುದು ಸ್ವಲ್ಪ ಮುಜುಗರದ ಮಾತು, ಆದರೂ ಹೇಳುತ್ತೇನೆ. ಬ್ಯಾಂಕಿನಲ್ಲಿಟ್ಟ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆ ಇದೆ. 2020ರ ಫೆಬ್ರವರಿಗೆ ಮೊದಲು ಅದು 1 ಲಕ್ಷವಿತ್ತು. ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯಿಸುತ್ತದೆ. ಆದರೆ ಪ್ರಾಥಮಿಕ ಸಹಕಾರ ಸಂಘ, ಪತ್ತಿನ ಸಂಘ, ಸೌಹಾರ್ದ ಸಹಕಾರಿಗಳ ಠೇವಣಿಗೆ ಈ ವಿಮೆ ಇಲ್ಲ. ಸಂಘಗಳೆಲ್ಲ ಕೆಟ್ಟವು ಎಂದಲ್ಲ, ನಾನೇ ಒಂದರಲ್ಲಿ ಉಂಡವನು. ಇಡುವುದಾದರೆ ವಾರ್ಷಿಕ ವರದಿ ಕೇಳಿ ಪಡೆದು, ಸರ್ವಸಾಧಾರಣ ಸಭೆಗೆ ಊಟದ ಹೊತ್ತಿಗಲ್ಲದೆ ಲೆಕ್ಕ ಓದುವ ಹೊತ್ತಿಗೆ ಹೋಗಿ, ಆಮೇಲೆ ಇಡಿ. ನಮ್ಮ ಚಿಕ್ಕಪ್ಪ ಬ್ಯಾಂಕಿಗಿಂತ ಎರಡು ಪರ್ಸೆಂಟ್ ಹೆಚ್ಚು ಸಿಗುತ್ತದೆಂದು ನಿವೃತ್ತಿಯ ಹಣವನ್ನೆಲ್ಲ ಒಂದೇ ಕಡೆ ಇಟ್ಟರು. ಮೂರು ವರ್ಷವಾಯಿತು, ಕಂತಿನಲ್ಲಿ ಕೊಡುತ್ತೇವೆ ಎನ್ನುತ್ತಿದ್ದಾರೆ.

ಮಾರುವುದನ್ನೂ ಇದೇ ಕ್ಯಾಲೆಂಡರಿಗೆ ಕಟ್ಟಿ. ಚಾಲಿ ಚೆನ್ನಾಗಿ ಒಣಗಿದ್ದರೆ ಚೀಲದಲ್ಲಿ ಕಾಯುತ್ತದೆ. ಸಾಲ ತೀರಿಸಲು ಬೇಕಾದಷ್ಟು ಮೊದಲ ಸಲ, ಮಳೆಗಾಲಕ್ಕೆ ಬೇಕಾದಷ್ಟು ಮೇ ತಿಂಗಳಲ್ಲಿ, ಉಳಿದದ್ದು ಚೌತಿಯ ನಂತರ. ದರ ಏರುತ್ತದೆಂದು ಎಲ್ಲವನ್ನೂ ಕಟ್ಟಿಟ್ಟು ಈ ಕಡೆ ನೂರಕ್ಕೆ ಮೂರರ ಸಾಲ ತರುವುದು ಬುದ್ಧಿವಂತಿಕೆ ಅಲ್ಲ. ಮನೆಯಲ್ಲಿ ಇಡುವವರು ಒಣಗಿಸುವುದರಲ್ಲಿ ಅವಸರ ಮಾಡಬೇಡಿ, ತೇವ ಉಳಿದ ಅಡಿಕೆಗೆ ಬೂಷ್ಟು ಹಿಡಿದರೆ ಲೆಕ್ಕವೆಲ್ಲ ತಲೆಕೆಳಗು.

ಹಂತ 5: ಮೇ ತಿಂಗಳಲ್ಲೇ ಮುಗಿಸುವುದು

ಮೊದಲ ಮಳೆ ಬಿದ್ದ ಮೇಲೆ ಶಿರಸಿಯ ಅಂಗಡಿಗಳಲ್ಲಿ ಮೈಲುತುತ್ತಕ್ಕೆ ಸಾಲು ಹತ್ತುತ್ತದೆ. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಒಂದು ಸಲ ಮಾತ್ರ ಅಲ್ಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ. ಶೇ. 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎಷ್ಟು ಡ್ರಮ್ ಬೇಕೆಂದು ಕಳೆದ ವರ್ಷದ ಲೆಕ್ಕವಿದೆಯಲ್ಲ, ಎರಡೂ ಸಲದ್ದನ್ನು ಮೇಯಲ್ಲೇ ನಗದು ಕೊಟ್ಟು ತನ್ನಿ. ಎರಡನೆಯ ಔಷಧಿಗೆ ಹಣ ಇಲ್ಲದೆ ಬಿಟ್ಟ ತೋಟದ ನಷ್ಟ ಬರುವ ವರ್ಷದ ಸಂಬಳವನ್ನೇ ತಿನ್ನುತ್ತದೆ.

ಹವಾಮಾನ ಆಧಾರಿತ ಬೆಳೆ ವಿಮೆಯ ಕಂತಿನಲ್ಲಿ ವಿಮಾ ಮೊತ್ತದ ಶೇ. 5 ರೈತರ ಪಾಲು. ಅದನ್ನೂ ಈಗಲೇ ಎತ್ತಿಡಿ. ಪಹಣಿಯಲ್ಲಿ ಮತ್ತು ಬೆಳೆ ಸಮೀಕ್ಷೆಯಲ್ಲಿ ಅಡಿಕೆ ಎಂದೇ ದಾಖಲಾಗಿದೆಯೇ ನೋಡಿ. ಪರಿಹಾರ ಬರಬಹುದಾದ ಹಣವನ್ನು ಮಾತ್ರ ಎಲ್ಲಿಯೂ ಆದಾಯವೆಂದು ಬರೆಯಬೇಡಿ.

ಮನೆಖಾತೆಯಲ್ಲಿ ಮೇ ಕೊನೆಯ ವಾರ ಕನಿಷ್ಠ ಐದುನೂರು ರೂಪಾಯಿ ಇರಲಿ. ಪ್ರಧಾನಮಂತ್ರಿ ಜೀವನ ಜ್ಯೋತಿಯ 436 ರೂಪಾಯಿ, ಸುರಕ್ಷಾ ವಿಮೆಯ 20 ರೂಪಾಯಿ ಕಡಿತವಾಗುವುದು ಆಗಲೇ. ಎರಡರ ವಿಮಾ ವರ್ಷವೂ ಜೂನ್ 1ರಿಂದ ಮೇ 31. ಒಂದೊಂದಕ್ಕೂ 2 ಲಕ್ಷದ ರಕ್ಷಣೆ. ಜೀವನ ಜ್ಯೋತಿಗೆ ಸೇರುವ ವಯಸ್ಸು 18ರಿಂದ 50, ಸುರಕ್ಷಾಕ್ಕೆ 70ರವರೆಗೆ. ಮರ ಹತ್ತುವವರು, ದೋಣಿಗೆ ಹೋಗುವವರು ಇರುವ ಊರಿನಲ್ಲಿ ಇಪ್ಪತ್ತು ರೂಪಾಯಿ ಇಲ್ಲದೆ ಈ ವಿಮೆ ತಪ್ಪಿಹೋದರೆ ಅದಕ್ಕಿಂತ ದುಬಾರಿ ಇಪ್ಪತ್ತು ರೂಪಾಯಿ ಇನ್ನೊಂದಿಲ್ಲ.

ದಾಸ್ತಾನಿನ ವಿಷಯದಲ್ಲಿ ಆಯಿಯಂದಿರಿಗೆ ನಾನು ಹೇಳುವುದು ಏನೂ ಇಲ್ಲ. ಹಲಸಿನ ಹಪ್ಪಳ, ಅಪ್ಪೆಮಿಡಿ, ಕೊಬ್ಬರಿ ಎಣ್ಣೆ, ಒಣ ಕಟ್ಟಿಗೆ ಅವರೇ ನೋಡಿಕೊಳ್ಳುತ್ತಾರೆ. ಸಕ್ಕರೆ, ರವೆ ಮಾತ್ರ ಹೆಚ್ಚು ತರಬೇಡಿ, ತೇವಕ್ಕೆ ಅರ್ಧ ಹಾಳು.

ಕರೆಂಟ್ ಬಿಲ್ಲಿನಲ್ಲಿ ಒಂದು ಸೂಕ್ಷ್ಮವಿದೆ. ಗೃಹಜ್ಯೋತಿ ಎಂದರೆ ಎಲ್ಲರಿಗೂ 200 ಯೂನಿಟ್ ಉಚಿತ ಎಂದು ತಿಳಿದವರು ಇನ್ನೂ ಇದ್ದಾರೆ. ನಿಮ್ಮ 2022-23ರ ಸರಾಸರಿ ಬಳಕೆಗೆ ಶೇ. 10 (ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ 10 ಯೂನಿಟ್) ಸೇರಿಸಿದಷ್ಟು ಉಚಿತ. ಅದನ್ನು ಮೀರಿದರೆ ಹೆಚ್ಚಿನದಕ್ಕೆ ಹಣ, 200 ದಾಟಿದರೆ ಪೂರ್ತಿ ಬಿಲ್. ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಹೀಟರ್ ಹಚ್ಚುವ ಮನೆಯವರು ತಿಂಗಳ ಇಪ್ಪತ್ತನೇ ತಾರೀಖಿಗೊಮ್ಮೆ ಮೀಟರ್ ನೋಡಿಕೊಳ್ಳಲಿ.

ಬಂದರಿನ ಮನೆಗಳಿಗೆ: ಇದೇ ಲೆಕ್ಕ, ತಿರುಗಿಸಿ

ದೋಣಿಯ ಪಾಲಿನ ಮೇಲೆ ನಡೆಯುವ ಮನೆಗೆ ಹಣ ರಾಶಿಯಾಗಿ ಬರುವುದಿಲ್ಲ, ಹನಿಯಾಗಿ ಬಂದು ಒಮ್ಮೆಲೇ ನಿಲ್ಲುತ್ತದೆ. ಆದ್ದರಿಂದ ಲೆಕ್ಕವನ್ನು 61 ದಿನದಿಂದ ಹಿಂದಕ್ಕೆ ಮಾಡಬೇಕು. ದಿನಕ್ಕೆ 600 ರೂಪಾಯಿ ಬೇಕೆಂದರೆ ನಿಷೇಧದ ಅವಧಿಗೆ 36,600. ಆಗಸ್ಟ್‌ನಿಂದ ಮೇವರೆಗೆ 304 ದಿನ. ಗಾಳಿ, ಹಬ್ಬ, ಮೀನಿಲ್ಲದ ದಿನ ಬಿಟ್ಟು 240 ದಿನ ಕೆಲಸ ಸಿಕ್ಕಿತೆಂದರೆ ಕೆಲಸವಾದ ಪ್ರತಿ ದಿನ 155 ರೂಪಾಯಿ ತೆಗೆದಿಟ್ಟರೆ ಸಾಕು.

ಇದಕ್ಕೆ ದಿನದಿನವೂ ಸ್ವಲ್ಪ ಸ್ವಲ್ಪ ಕಟ್ಟುವ ಪಿಗ್ಮಿ ಠೇವಣಿಗಿಂತ ಹೊಂದುವ ಪಾತ್ರೆ ಇಲ್ಲ, ಮನೆಬಾಗಿಲಿಗೇ ಬಂದು ಒಯ್ಯುತ್ತಾರೆ. ಮೂರು ವಿಷಯ ನೋಡಿಕೊಳ್ಳಿ. ಅವಧಿ ಮೇ ಕೊನೆಗೆ ಮುಗಿಯಬೇಕು, ಮೊದಲೇ ತೆಗೆದರೆ ಎಷ್ಟು ಮುರಿಯುತ್ತಾರೆಂದು ಆರಂಭದಲ್ಲೇ ಕೇಳಬೇಕು, ಕಟ್ಟಿದ ಹಣ ಅದೇ ದಿನ ರಸೀದಿಯಲ್ಲೋ ಸಂದೇಶದಲ್ಲೋ ಕಾಣಬೇಕು. "ನಾಳೆ ಒಟ್ಟಿಗೆ ಬರೆಯುತ್ತೇನೆ ಅಕ್ಕ" ಎನ್ನುವ ಏಜೆಂಟರಿಗೆ ಹಣವನ್ನೂ ನಾಳೆಯೇ ಕೊಡಿ. ಮೀನುಗಾರರ ಉಳಿತಾಯ ಮತ್ತು ಪರಿಹಾರ ಯೋಜನೆಯಲ್ಲಿ ನಿಮ್ಮ ವಂತಿಗೆಗೆ ಸರ್ಕಾರದ ಪಾಲೂ ಸೇರುತ್ತದೆ. ಸೇರಿದ್ದೀರೋ ಇಲ್ಲವೋ ನಿಮ್ಮ ಮೀನುಗಾರರ ಸಹಕಾರ ಸಂಘದಲ್ಲಿ ಕೇಳಿ.

ಹಂತ 6: ಭಾನುವಾರದ ಕಿರ್ದಿ

ದಿನವೂ ಬರೆಯುವ ಹಟ ಬೇಡ, ಹಳೆಯ ಸೋಲು ಅಲ್ಲಿಯೇ ಇದೆ. ಭಾನುವಾರ ಸಂಜೆ ಹದಿನೈದು ನಿಮಿಷ ಸಾಕು. ಕಾರವಾರದವರಿಗಂತೂ ಭಾನುವಾರದ ಸಂತೆಯ ಚೀಲ ಇಳಿಸಿದ ಕೂಡಲೇ ಬರೆದರೆ ದರ ಬಾಯಲ್ಲೇ ಇರುತ್ತದೆ. ಐದು ಅಂಕಣ: ತಿನ್ನುವುದು, ಓಡಾಟ, ಆರೋಗ್ಯ, ಕೊಡುವುದು, ಇತರೆ. "ಕೊಡುವುದು" ಎಂದರೆ ಮುಯ್ಯಿ, ದೇಣಿಗೆ, ಕೈಗಡ. ನಮ್ಮಲ್ಲಿ ಅದೊಂದು ಪ್ರತ್ಯೇಕ ಖರ್ಚು, ಎಲ್ಲಿಯೂ ಸೇರಿಸಿ ಬಚ್ಚಿಡಲಾಗದು. ಕೊನೆಗೆ ಖಾತೆಯಲ್ಲಿ ಉಳಿದದ್ದು, ಕೈಯಲ್ಲಿ ಉಳಿದದ್ದು. ತಾಳೆಯಾಗದಿದ್ದರೆ "ಲೆಕ್ಕಕ್ಕೆ ಸಿಗದ್ದು 340" ಎಂದು ಬರೆದು ಪುಸ್ತಕ ಮುಚ್ಚಿ. ಆ 340ಕ್ಕಾಗಿ ಗಂಡ-ಹೆಂಡತಿ ಜಗಳವಾಡಿದ ಮನೆಯಲ್ಲಿ ಮುಂದಿನ ಭಾನುವಾರ ಪುಸ್ತಕ ತೆರೆದಿಲ್ಲ.

ಕೆಂಪು ಗುರುತುಗಳು

ತಿಂಗಳ ಇಪ್ಪತ್ತರೊಳಗೆ ಸಂಬಳ ಮುಗಿದದ್ದು ಸತತ ಎರಡು ತಿಂಗಳಾದರೆ ಸಂಬಳವೇ ತಪ್ಪು ಲೆಕ್ಕದ್ದು. ಹಂತ 2ಕ್ಕೆ ಹಿಂದಿರುಗಿ. ಒಂದು ಸಂಘದ ಕಂತು ಕಟ್ಟಲು ಇನ್ನೊಂದು ಸಂಘದಲ್ಲಿ ಸಾಲ ಎತ್ತಿದ್ದೀರಾದರೆ ಅಂದೇ ನಿಲ್ಲಿಸಿ, ಮನೆಯವರಿಗೆ ತಿಳಿಸಿ. ಕಿರುಸಾಲ ಕೊಡುವ ಕಂಪನಿಗಳಿಗೆ ರಿಸರ್ವ್ ಬ್ಯಾಂಕ್ ಹಾಕಿರುವ ನಿಯಮದ ಪ್ರಕಾರ ಎಲ್ಲ ಸಾಲದ ಕಂತುಗಳೂ ಸೇರಿ ಮನೆಯ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ನಿಮಗೆ ನೀವು ಅದಕ್ಕಿಂತ ಬಿಗಿ ನಿಯಮ ಹಾಕಿಕೊಳ್ಳಿ. ಜುಲೈಯಲ್ಲಿ ಬಂಗಾರ ಒಯ್ಯುವ ಮಾತು ಬಂದರೆ ಹಂತ 5 ತಪ್ಪಿದೆ ಎಂದರ್ಥ. ಫೋನಿನಲ್ಲಿ ಯಾರಾದರೂ ಹಣ ದುಪ್ಪಟ್ಟು ಎಂದೋ ಖಾತೆ ಬಂದ್ ಆಗುತ್ತದೆ ಎಂದೋ ಹೇಳಿ ಹಣ ಎಳೆದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಗಂಟೆಗಳಲ್ಲಿ ತಿಳಿಸಿದರೆ ಹಣ ತಡೆಯುವ ಸಾಧ್ಯತೆ ಹೆಚ್ಚು.

ಹಂತ 7: ದೀಪಾವಳಿಗೆ ಮೊದಲು ಒಂದು ಸಂಜೆ

ಕೊನೆಕೊಯ್ಲು ಶುರುವಾದ ಮೇಲೆ ಯಾರಿಗೂ ಪುರುಸೊತ್ತಿಲ್ಲ. ಆದ್ದರಿಂದ ಅಕ್ಟೋಬರಿನಲ್ಲೇ ಕೂತು ಆ ವರ್ಷದ ಅಂಕಿಯನ್ನು ಹಂತ 2ರ ಅಂಕಿಯ ಪಕ್ಕ ಬರೆಯಿರಿ. ಕಡಿಮೆ ಬಿದ್ದಿದ್ದರೆ ಮೊದಲು ಆಪತ್ತಿನ 16,000 ಮುಟ್ಟಿ, ಆಮೇಲೆ ಸಂಬಳದಲ್ಲಿ ಸಾವಿರ ಇಳಿಸಿ. ತೋಟದ ಖರ್ಚನ್ನು ಮತ್ತು ವಿಮೆಯನ್ನು ಕಡೆಯವರೆಗೆ ಮುಟ್ಟಬೇಡಿ. ಉಳಿದಿದ್ದರೆ ಸಂಬಳ ಏರಿಸುವ ಅವಸರ ಬೇಡ, ಆಪತ್ತಿನ ಹಣ ಮೂರು ತಿಂಗಳ ಸಂಬಳದಷ್ಟು, ಅಂದರೆ ಈ ಲೆಕ್ಕದಲ್ಲಿ 39,000 ಆಗುವವರೆಗೆ ಅಲ್ಲಿಗೇ ಸೇರಿಸಿ. ಹೊಸ ಅಂಕಿಯನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಪುಸ್ತಕವನ್ನು ಕಪಾಟಿನಲ್ಲಿಡಬೇಡಿ, ಬೂಷ್ಟು ಹಿಡಿಯುತ್ತದೆ. ನಮ್ಮ ಮನೆಯದು ಒಲೆಯ ಮೇಲಿನ ಅಟ್ಟದಲ್ಲಿ ಉಪ್ಪಿನ ಭರಣಿಯ ಪಕ್ಕ ಇದೆ. ಹೊಗೆಗೆ ಕಂದಾಗಿದೆ, ಆದರೆ ಹನ್ನೊಂದು ವರ್ಷದ ಲೆಕ್ಕವೂ ಓದಲು ಬರುತ್ತದೆ.